ಫ್ಲೋ ಕಂಟ್ರಿ: ಪೀಟ್ ಜೌಗೊಂದರ ಸಂರಕ್ಷಣೆಯ ಇತಿಹಾಸ

ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿ, ಕೇತ್‌ನೆಸ್ ಮತ್ತು ಸದರ್ಲೆಂಡ್ ಸೀಮೆಗಳಲ್ಲಿ, ಸುಮಾರು 4,000 ಚದರ ಕಿ.ಮೀ. ಹಬ್ಬಿರುವ ಜೌಗು ನೆಲದ ಹೆಸರು ಫ್ಲೋ ಕಂಟ್ರಿ. ಅರೆಕೊಳೆತ ಸಸ್ಯಗಳು ಪದರಪದರವಾಗಿ ಕೂಡಿಕೊಂಡು ಆದ ಪೀಟ್ ಇಲ್ಲಿನ ದಿಣ್ಣೆ, ತಗ್ಗುಗಳನ್ನೆಲ್ಲ ಕಂಬಳಿಯಂತೆ ಹೊದ್ದುಕೊಂಡಿದೆ. ನಡುನಡುವೆ ಕಪ್ಪು ನೀರಿನ ಸಾವಿರಾರು ಹೊಂಡಗಳು. ಮರಗಳು ವಿರಳ. ಈ ಬೋಳುತನವನ್ನೇ ಕೊರತೆಯೆಂದು ತಿಳಿದದ್ದರಿಂದ ಇಪ್ಪತ್ತನೆಯ ಶತಮಾನದಲ್ಲಿ ಈ ನೆಲಕ್ಕೆ ಕುತ್ತು ಬಂತು.

ಕೊನೆಯ ಹಿಮಯುಗ ಮುಗಿದ ನಂತರ ಇಲ್ಲಿ ಪೀಟ್ ಕೂಡಲಾರಂಭಿಸಿತು. ಅದರ ಮುಖ್ಯ ಕರ್ತೃ ಸ್ಫಾಗ್ನಮ್ ಎಂಬ ಹಾವಸೆ. ತನ್ನ ಒಣತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುವ ಈ ಸಣ್ಣ ಸಸ್ಯ ಸುತ್ತಲಿನ ನೀರನ್ನು ಆಮ್ಲೀಯವಾಗಿಸುತ್ತದೆ. ಆಮ್ಲಜನಕವಿಲ್ಲದ ಆ ನೀರಿನಲ್ಲಿ ಸತ್ತ ಸಸ್ಯಗಳು ಪೂರ್ತಿ ಕೊಳೆಯುವುದಿಲ್ಲ. ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಮೀಟರ್ ದಪ್ಪಕ್ಕೆ ಸಾವಿರ ವರ್ಷ ಬೇಕು. ಫ್ಲೋ ಕಂಟ್ರಿಯ ಕೆಲವೆಡೆ ಅದರ ಆಳ 10 ಮೀಟರ್ ತಲುಪುತ್ತದೆ. ಇಲ್ಲಿ ಅಡಗಿರುವ ಇಂಗಾಲ ಸುಮಾರು 40 ಕೋಟಿ ಟನ್ ಎಂಬ ಅಂದಾಜಿದೆ.

ಪೀಟ್ ಹಳೆಯ ಹವೆಯ ದಾಖಲೆಯೂ ಹೌದು. ನಮ್ಮ ನೀಲಗಿರಿಯ ಶೋಲಾ ಕಣಿವೆಗಳಲ್ಲಿಯೂ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಅದರಲ್ಲಿನ ಇಂಗಾಲದ ಐಸೊಟೋಪುಗಳನ್ನು ಅಳೆದು, ದಕ್ಷಿಣ ಭಾರತದಲ್ಲಿ ಸಾವಿರಾರು ವರ್ಷಗಳಲ್ಲಿ ಕಾಡು, ಹುಲ್ಲುಗಾವಲುಗಳು ಹಿಗ್ಗಿ ಕುಗ್ಗಿದ ಬಗೆಯನ್ನು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಫ್ಲೋ ಕಂಟ್ರಿಯ ಜನ ತಲೆಮಾರುಗಳಿಂದ ಪೀಟನ್ನು ಇಟ್ಟಿಗೆಯಾಕಾರದಲ್ಲಿ ಕೊಯ್ದು, ಒಣಗಿಸಿ ಒಲೆಗೆ ಹಾಕುತ್ತಿದ್ದರು, ಕುರಿ ಮೇಯಿಸುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಮೇವು ಹೆಚ್ಚಿಸುವ ಆಸೆಯಿಂದ ಸರ್ಕಾರದ ನೆರವಿನಲ್ಲೇ ನೀರು ಬಸಿಯುವ ಕಾಲುವೆಗಳನ್ನು ತೋಡಲಾಯಿತು. ನಿಜವಾದ ಹೊಡೆತ ಬಿದ್ದದ್ದು 1980ರ ದಶಕದಲ್ಲಿ, ಅದೂ ಆದಾಯ ತೆರಿಗೆಯ ಮೂಲಕ.

ಆಗ ಬ್ರಿಟನ್ನಿನಲ್ಲಿ ಗಳಿಕೆಯ ಮೇಲಿನ ಅತಿ ಹೆಚ್ಚಿನ ತೆರಿಗೆ ಶೇ. 60. ಆದರೆ ನೆಡುತೋಪಿಗೆ ಹಾಕಿದ ಖರ್ಚನ್ನು ಬೇರೆ ಆದಾಯದಿಂದ ಕಳೆದು ತೋರಿಸಲು ಅವಕಾಶವಿತ್ತು, ಜೊತೆಗೆ ಸಹಾಯಧನ. ಜೌಗು ನೆಲ ಅಗ್ಗ. ಫೌಂಟನ್ ಫಾರೆಸ್ಟ್ರಿ ಎಂಬ ಕಂಪನಿ ಅಲ್ಲಿ ಜಮೀನು ಕೊಂಡು ಸಿರಿವಂತರಿಗೆ ಮಾರಿ, ಅವರ ಪರವಾಗಿ ಮರ ನೆಡಿಸತೊಡಗಿತು. ದೂರದ ಊರುಗಳ ಗಾಯಕರು, ಟಿ.ವಿ. ತಾರೆಯರು ಕಂಡೂ ಅರಿಯದ ಜೌಗಿನ ಒಡೆಯರಾದರು. ನೇಗಿಲು ಆಳದ ಸಾಲು ಹೊಡೆದು ನೀರು ಬಸಿಯಿತು. ಉತ್ತರ ಅಮೆರಿಕದ ಸಿಟ್ಕಾ ಸ್ಪ್ರೂಸ್ ಮತ್ತು ಲಾಡ್ಜ್‌ಪೋಲ್ ಪೈನ್ ಸಸಿಗಳು ಹತ್ತಾರು ಸಾವಿರ ಹೆಕ್ಟೇರ್ ಆವರಿಸಿದವು. ಹಸಿ ಪೀಟಿನಲ್ಲಿ ಮರಗಳು ಸೊರಗಿದರೂ ತೆರಿಗೆಯ ಲಾಭಕ್ಕೆ ಧಕ್ಕೆಯಿರಲಿಲ್ಲ.

ಅಪಾಯವನ್ನು ಲೆಕ್ಕ ಸಮೇತ ಮುಂದಿಟ್ಟವರು ಹಕ್ಕಿ ಎಣಿಸುವವರು. ನೇಚರ್ ಕನ್ಸರ್ವೆನ್ಸಿ ಕೌನ್ಸಿಲ್ ಎಂಬ ಸರ್ಕಾರಿ ಸಂಸ್ಥೆ 1987ರಲ್ಲಿ ಹಕ್ಕಿ, ಜೌಗು, ಅರಣ್ಯೀಕರಣದ ಕುರಿತ ವರದಿ ಹೊರತಂದಿತು. ನೆಡುತೋಪುಗಳಿಂದ ಅಲ್ಲಿ ಗೂಡು ಕಟ್ಟುವ ಗೋಲ್ಡನ್ ಪ್ಲೋವರ್ ಜೋಡಿಗಳಲ್ಲಿ ಶೇ. 19, ಡನ್ಲಿನ್ ಮತ್ತು ಗ್ರೀನ್‌ಶ್ಯಾಂಕ್ ಜೋಡಿಗಳಲ್ಲಿ ಶೇ. 17ರಷ್ಟು ನಷ್ಟವಾಗಿದೆ ಎಂದು ಅದು ಅಂದಾಜಿಸಿತು. ಕೌನ್ಸಿಲ್‌ನ ಮುಖ್ಯ ವಿಜ್ಞಾನಿ ಡೆರೆಕ್ ರ‍್ಯಾಟ್‌ಕ್ಲಿಫ್, ಕೀಟನಾಶಕಗಳಿಂದ ಪೆರಿಗ್ರಿನ್ ಗಿಡುಗದ ಮೊಟ್ಟೆಯ ಚಿಪ್ಪು ತೆಳುವಾಗುತ್ತಿರುವುದನ್ನು 1967ರಲ್ಲೇ ತೋರಿಸಿದ್ದವರು. ಆದರೆ ವರದಿಯನ್ನು ಬಿಡುಗಡೆ ಮಾಡಿದ್ದು ಲಂಡನ್ನಿನಲ್ಲಿ. ತಮ್ಮ ನೆಲದ ಬಗ್ಗೆ, ತಮ್ಮ ಕೂಲಿಯ ಬಗ್ಗೆ ಹೊರಗಿನವರು ತೀರ್ಮಾನಿಸುತ್ತಿದ್ದಾರೆಂದು ಸ್ಕಾಟ್ಲೆಂಡಿನಲ್ಲಿ ಸಿಟ್ಟು ಎದ್ದಿತು. ಆ ಸಿಟ್ಟಿಗೂ ಕಾರಣವಿತ್ತು: ಆ ಸೀಮೆಯಲ್ಲಿ ಉದ್ಯೋಗಗಳೇ ಅಪರೂಪ.

1988ರ ಮಾರ್ಚ್ ಬಜೆಟ್ಟಿನಲ್ಲಿ ಹಣಕಾಸು ಸಚಿವ ನೈಜೆಲ್ ಲಾಸನ್ ನೆಡುತೋಪುಗಳ ತೆರಿಗೆ ಸವಲತ್ತನ್ನು ತೆಗೆದುಹಾಕಿದರು. ನೆಡುವಿಕೆಯ ಭರಾಟೆ ಇಳಿಯಿತು. ಕೌನ್ಸಿಲ್ ಕೂಡ ಹೆಚ್ಚು ಕಾಲ ಉಳಿಯಲಿಲ್ಲ. 1991ರಲ್ಲಿ ಅದನ್ನು ಒಡೆದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಿಗೆ ಹಂಚಲಾಯಿತು.

ಕೆಟ್ಟದ್ದನ್ನು ಸರಿಪಡಿಸುವುದು ಇನ್ನೂ ಕಷ್ಟದ ಕೆಲಸ. ಬ್ರಿಟನ್ನಿನ ಪಕ್ಷಿಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ 1995ರಲ್ಲಿ ಫೋರ್ಸಿನಾರ್ಡ್ ಎಸ್ಟೇಟನ್ನು ಕೊಂಡುಕೊಂಡಿತು. ಅದರ ಕಾಯ್ದಿಟ್ಟ ನೆಲ ಈಗ 21,000 ಹೆಕ್ಟೇರ್ ಮೀರಿದೆ. ಪರಿಸರದ ಹೆಸರಿನಲ್ಲಿ ಲಕ್ಷಾಂತರ ಮರ ಕಡಿಯುವುದೆಂದರೆ ಯಾರಿಗಾದರೂ ಅಚ್ಚರಿಯೇ. ಆದರೆ ಇಲ್ಲಿ ಬೇರೆ ದಾರಿಯಿಲ್ಲ. ಮೊದಮೊದಲು ಎಳೆಯ ಮರಗಳನ್ನು ಕಡಿದು ನೇಗಿಲ ಸಾಲಿಗೇ ಉರುಳಿಸುತ್ತಿದ್ದರು. ಅಷ್ಟು ಸಾಲದೆಂದು ತಿಳಿದ ಮೇಲೆ ಕಾಲುವೆಗಳಿಗೆ ಅಡ್ಡಗಟ್ಟೆ ಹಾಕಿ, ಬುಡ ಮಗುಚಿ, ಸಾಲುಗಳನ್ನು ಮಟ್ಟ ಮಾಡಲಾರಂಭಿಸಿದರು. ನೀರಿನ ಮಟ್ಟ ಮೇಲೇರಿದರೆ ಸ್ಫಾಗ್ನಮ್ ತಾನಾಗಿ ಮರಳುತ್ತದೆ, ಅದರೊಡನೆ ಕೀಟ ಹಿಡಿಯುವ ಸನ್‌ಡ್ಯೂ ಗಿಡಗಳೂ. ಕಡಿದು 16 ವರ್ಷವಾಗಿದ್ದ ಜಾಗವೊಂದು ಮತ್ತೆ ಇಂಗಾಲ ಹೀರತೊಡಗಿದ್ದನ್ನು 2019ರ ಅಧ್ಯಯನ ದಾಖಲಿಸಿತು. 10 ವರ್ಷದ ಜಾಗ ಇನ್ನೂ ಇಂಗಾಲ ಬಿಡುತ್ತಲೇ ಇತ್ತು. ಹಕ್ಕಿಗಳ ವಿಷಯದಲ್ಲೂ ಅವಸರ ಸಲ್ಲದು. ತೋಪಿನ ಅಂಚಿನಿಂದ ಸುಮಾರು 700 ಮೀಟರ್‌ವರೆಗಿನ ಬಯಲಿನಲ್ಲಿ ಪ್ಲೋವರ್ ಮತ್ತು ಡನ್ಲಿನ್ ಗೂಡು ಕಟ್ಟಲು ಹಿಂಜರಿಯುತ್ತವೆ. ಹಾಗಾಗಿ ಮರ ನೆಟ್ಟ ವಿಸ್ತೀರ್ಣಕ್ಕಿಂತ ಹಾನಿಯ ವಿಸ್ತೀರ್ಣವೇ ದೊಡ್ಡದು.

2024ರ ಜುಲೈನಲ್ಲಿ ನವದೆಹಲಿಯಲ್ಲಿ ಸೇರಿದ ಯುನೆಸ್ಕೊ ಸಮಿತಿ ಫ್ಲೋ ಕಂಟ್ರಿಯ ಸುಮಾರು 1,87,000 ಹೆಕ್ಟೇರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪೀಟ್ ನೆಲವೆಂಬ ಕಾರಣಕ್ಕೇ ಈ ಮನ್ನಣೆ ಪಡೆದ ಮೊದಲ ತಾಣವಿದು. ಅಸ್ಸಾಮಿನ ಅಹೋಮ್ ಅರಸರ ಮೊಯ್ದಾಮ್ ಸಮಾಧಿಗಳು ಪಟ್ಟಿ ಸೇರಿದ್ದೂ ಅದೇ ಅಧಿವೇಶನದಲ್ಲಿ.

ಸ್ಕಾಟ್ಲೆಂಡ್ ಸರ್ಕಾರ 2020ರಲ್ಲಿ ಪೀಟ್ ಪುನಶ್ಚೇತನಕ್ಕೆ ಹತ್ತು ವರ್ಷಗಳಲ್ಲಿ 25 ಕೋಟಿ ಪೌಂಡ್ ವೆಚ್ಚ ಮಾಡುವುದಾಗಿ ಘೋಷಿಸಿತು. 2030ರೊಳಗೆ ದೇಶದಾದ್ಯಂತ 2,50,000 ಹೆಕ್ಟೇರ್ ಸರಿಪಡಿಸುವುದು ಗುರಿ. 50 ಸೆಂ.ಮೀ.ಗಿಂತ ಆಳವಾದ ಪೀಟ್ ಮೇಲೆ ಹೊಸ ತೋಪು ಎಬ್ಬಿಸಲು ಅಲ್ಲಿನ ಅರಣ್ಯ ನಿಯಮ ಈಗ ಒಪ್ಪುವುದಿಲ್ಲ.