ಅಂತೆಯ ಪಕ್ಕದಲ್ಲಿ ಕೂತ ಕಂತೆ

ಪಕ್ಕದ ಮನೆಯ ಹುಡುಗಿ ಹೋದ ತಿಂಗಳು ನನ್ನನ್ನು ತನ್ನ ಕ್ವಿಲ್ಟಿಂಗ್ ಗುಂಪಿಗೆ ಎಳೆದುಕೊಂಡು ಹೋದಳು. "ಆಂಟಿ, ನಿಮ್ಮ ಕಡೆ ಕೌದಿ ಅಂತಾರಲ್ಲ, ಅದೇ" ಎಂದಳು. ಬೆಂಗಳೂರಿನಲ್ಲಿ ತಿಂಗಳಿಗೊಮ್ಮೆ, ಎರಡನೆಯ ಶನಿವಾರ, ಯಾರಾದರೊಬ್ಬರ ಮನೆಯ ಹಜಾರದಲ್ಲಿ ಸೇರುವ ಹದಿನೈದಿಪ್ಪತ್ತು ಹೆಂಗಸರು. ಮೊದಲು ಒಬ್ಬೊಬ್ಬರಾಗಿ ತಾವು ಹೊಲಿದದ್ದನ್ನು ನೆಲಕ್ಕೆ ಹರಡಿ ತೋರಿಸಬೇಕು. ಆಮೇಲೆ ಬಲ್ಲವರೊಬ್ಬರು ಏನಾದರೂ ಒಂದು ಕೈಚಳಕ ಹೇಳಿಕೊಡಬೇಕು. ಕೊನೆಗೆ ಚಿತ್ರಾನ್ನ, ಕಾಫಿ.

ಹೋಗಿ ಕೂತ ಐದೇ ನಿಮಿಷಕ್ಕೆ ಕಿವಿಗೆ ಬಿದ್ದ ಮಾತು: "ನಿನ್ನ ಬ್ಯಾಟಿಂಗ್ ತುಂಬಾ ತೆಳು ಆಯ್ತು." ಮಗುವಿನಂಥ ಹುಡುಗಿ, ಕ್ರಿಕೆಟ್ ಆಡುತ್ತಾಳೇನೋ ಎಂದುಕೊಂಡೆ. ಅಲ್ಲ, ಎರಡು ಬಟ್ಟೆಗಳ ನಡುವೆ ಇಡುವ ಹತ್ತಿಯ ಪದರಕ್ಕೆ ಆ ಹೆಸರು. ಮೂರು ಪದರ ಸೇರಿದರೆ ಸ್ಯಾಂಡ್‌ವಿಚ್. ಅರ್ಧಕ್ಕೆ ನಿಂತ ಕೆಲಸಕ್ಕೆ ಯುಎಫ್‌ಓ. ಒಬ್ಬರ ಮನೆಯಲ್ಲಿ ಇಂಥ ಹಾರುವ ತಟ್ಟೆಗಳು ಏಳು ಇವೆಯಂತೆ, ಒಂದೂ ಕೆಳಗಿಳಿದಿಲ್ಲ. ಪದರ, ಅಸ್ತರ, ತೇಪೆ, ಅಂಚು ಎಂಬ ಮಾತುಗಳು ಅಲ್ಲೇ ಬಾಗಿಲ ಹೊರಗೆ ಚಪ್ಪಲಿಗಳ ಜೊತೆ ಕೂತಿದ್ದವು. ನಾನು ಸುಮ್ಮನಿದ್ದೆ. ಚಿತ್ರಾನ್ನ ಅವರದ್ದು.

ಅಷ್ಟರಲ್ಲಿ ಒಬ್ಬಳು ತನ್ನ ಕ್ವಿಲ್ಟಿನ ಮೂಲೆಯಲ್ಲಿ ತಲೆಕೆಳಗಾಗಿ ಕೂತ ಒಂದು ಚೌಕವನ್ನು ತೋರಿಸಿದಳು. ಅದು ಬೇಕೆಂದೇ ಮಾಡಿದ ತಪ್ಪಂತೆ. ಅಮೆರಿಕದ ಆಮಿಶ್ ಹೆಂಗಸರು ಪ್ರತಿ ಕ್ವಿಲ್ಟಿನಲ್ಲೂ ಹೀಗೆ ಒಂದು ತಪ್ಪು ಬಿಡುತ್ತಾರಂತೆ, ಪರಿಪೂರ್ಣತೆ ದೇವರೊಬ್ಬನದೇ ಅಂತೆ. ಮೂಲೆಯಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ ಮೈಸೂರು ಕಡೆಯ ಹಿರಿಯರೊಬ್ಬರು ತಲೆ ಎತ್ತದೆಯೇ ಹೇಳಿದರು: "ಅದೆಲ್ಲ ಅಂತೆ ಕಂತೆ ಕಣಮ್ಮಾ. ತಪ್ಪು ಬೇಕೂಂತ ಮಾಡಬೇಕೇ? ಅದು ತಾನಾಗೇ ಬರುತ್ತೆ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಂತೆಯ ಪಕ್ಕದಲ್ಲಿ ಈ ಕಂತೆ ಯಾಕೆ ಕೂತಿದೆ ಎಂಬ ಹುಳ ಆಗಲೇ ತಲೆ ಹೊಕ್ಕಿತ್ತು.

ಅಂತೆಯ ಯೋಗ್ಯತೆಯನ್ನು ನಾವು ಮರೆತಿದ್ದೇವೆ. "ಮಳೆ ಬಂತು" ಎಂದರೆ ನಾನು ನೆನೆದಿದ್ದೇನೆ. "ಮಳೆ ಬಂತಂತೆ" ಎಂದರೆ ನನ್ನ ಸೀರೆ ಒಣಗಿಯೇ ಇದೆ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಎರಡೇ ಅಕ್ಷರದಲ್ಲಿ ಬೇರೆ ಮಾಡಿ ಕೊಡುವ ಪ್ರಾಮಾಣಿಕ ಪದ ಅದು. ಈಗಿನ ಟೀವಿಯವರಿಗೆ ಅದು ಹಳ್ಳಿಯ ಮಾತಾಗಿ ಕೇಳಿಸುತ್ತದೋ ಏನೋ, ಅದರ ಜಾಗದಲ್ಲಿ ಆರಕ್ಷರದ "ಎನ್ನಲಾಗುತ್ತಿದೆ"ಯನ್ನು ಕೂರಿಸಿದ್ದಾರೆ. ಯಾರು ಅನ್ನುತ್ತಿದ್ದಾರೆ ಎಂದು ಮಾತ್ರ ಕೇಳಬಾರದು.

ಇನ್ನು ಕಂತೆ. ಬಲ್ಲವರನ್ನು ಕೇಳಿದರೆ ಅದು ಬರೀ ಪ್ರಾಸಕ್ಕೆ ಬಂದ ಜೋಡುಪದ, ಅರ್ಥವೇನೂ ಇಲ್ಲ ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಕನ್ನಡಕ್ಕೆ ಜೋಡು ಬೇಕಾದಾಗ ಅದು ಹುಡುಕುವುದು ಗಿಕಾರವನ್ನು. ಊಟ ಗೀಟ, ಕಾಫಿ ಗೀಫಿ, ಮದುವೆ ಗಿದುವೆ. ಮೊನ್ನೆ ಮೊನ್ನೆ ಬಂದ ಕ್ವಿಲ್ಟಿಗೂ ನಮ್ಮವರು "ಕ್ವಿಲ್ಟು ಗಿಲ್ಟು" ಎಂದೇ ಜೋಡಿ ಕಟ್ಟುತ್ತಾರೆ, ಯಾರೂ ಕಲಿಸಬೇಕಾಗಿಲ್ಲ. ಹಾಗಿದ್ದ ಮೇಲೆ ಅಂತೆಗೆ ಜೋಡಿ "ಅಂತೆ ಗಿಂತೆ" ಆಗಬೇಕಿತ್ತು. ಚೂರುಪಾರು, ಹಾಳುಮೂಳುಗಳನ್ನು ತೋರಿಸಿ ವಾದಕ್ಕೆ ಬರುವವರು ಬರಲಿ, ನನಗೀಗ ಪುರಸೊತ್ತಿಲ್ಲ. ಕಂತೆ ಎಂಬುದು ಸ್ವಂತ ಮನೆ, ಸ್ವಂತ ಅರ್ಥ ಇರುವ ಪದ. ಚಿಂದಿ ಬಟ್ಟೆಗಳನ್ನು ಕೂಡಿಸಿ ಹೊಲಿದ ಹೊದಿಕೆಗೂ ಕಂತೆ ಎನ್ನುತ್ತಾರೆ. ಸತ್ತವನನ್ನು "ಕಂತೆ ಒಗೆದ" ಎನ್ನುವಾಗ ಅವನು ಒಗೆದದ್ದು ಹುಲ್ಲಿನ ಹೊರೆಯನ್ನಲ್ಲ, ಹರಿದ ಈ ಹೊದಿಕೆಯನ್ನು.

ಸಾಲದಿದ್ದರೆ ಗಾದೆಯ ಸಾಕ್ಷಿ ಇದೆ: ಕಂತೆಗೆ ತಕ್ಕ ಬೊಂತೆ. ಈ ಗಾದೆಗೆ ಆಗಿರುವಷ್ಟು ಅನ್ಯಾಯ ಇನ್ನೊಂದಕ್ಕೆ ಆಗಿಲ್ಲ. ಓದುಗರೊಬ್ಬರು ಒಮ್ಮೆ ನನಗೆ ಬರೆದ ಪತ್ರದಲ್ಲಿ ಅದು "ಕಂತೆಗೆ ತಕ್ಕ ಬೊಂಬೆ" ಆಗಿತ್ತು. ಅವರನ್ನು ದೂರಿ ಏನು ಬಂತು, ಬೊಂತೆಯನ್ನು ಈಗ ಹೊದ್ದವರೂ ಇಲ್ಲ, ಕಂಡವರೂ ಇಲ್ಲ. ಬೊಂತೆ ಎಂದರೂ ಕೌದಿಯೇ. ಗಡಿ ದಾಟಿ ತೆಲುಗರನ್ನು ಕೇಳಿ, "ಬೊಂತ" ಎಂದು ತಮ್ಮ ಹಾಸಿಗೆಯನ್ನೇ ತೋರಿಸುತ್ತಾರೆ. ಹನ್ನೆರಡನೆಯ ಶತಮಾನದ ಶರಣೆ ಬೊಂತಾದೇವಿಯ ಹೆಸರಲ್ಲೇ ಬೊಂತೆ ಇದೆ. ಕಾಶ್ಮೀರದ ಅರಸನ ಮಗಳು, ಎಲ್ಲ ಬಿಟ್ಟು ಉಟ್ಟ ಬಟ್ಟೆಯೂ ಇಲ್ಲದೆ ಕಲ್ಯಾಣಕ್ಕೆ ಹೊರಟಳಂತೆ, ದಾರಿಯಲ್ಲಿ ಶಿವ ಒಂದು ಬೊಂತೆ ಕೊಟ್ಟನಂತೆ. ಪೀತಾಂಬರವಲ್ಲ, ಬೊಂತೆ. ಆಕೆಯ ವಚನಗಳ ಅಂಕಿತ "ಬಿಡಾಡಿ". ಆ ಪದವನ್ನು ನಾವು ಈಗ ಬೀದಿಯ ದನಗಳಿಗೆ ಇಟ್ಟಿದ್ದೇವೆ. ದೇವರ ಹೆಸರನ್ನು ಎಲ್ಲಿಗೆ ತಂದು ಕಟ್ಟಿದ್ದೇವೆ ನೋಡಿ.

ಗಾದೆಗೆ ಬರುತ್ತೇನೆ. "ಅವನೂ ಹಾಗೇ, ಇವಳೂ ಹಾಗೇ" ಎಂದು ಮೂಗು ಮುರಿಯಲು ಅದನ್ನು ಬಳಸುತ್ತೇವೆ. ನನ್ನ ಪ್ರಕಾರ ಅದು ಹುಟ್ಟಿದ್ದು ಬೈಗುಳವಾಗಿ ಅಲ್ಲ, ಲೆಕ್ಕವಾಗಿ. ಗದಗ ಸೀಮೆಯ ನಮ್ಮ ಊರಿಗೆ ಸುಗ್ಗಿ ಮುಗಿದ ಮೇಲೆ ಕೌದಿ ಹೊಲಿಯುವ ಹೆಣ್ಣುಮಕ್ಕಳು ಬರುತ್ತಿದ್ದರು. ನಮ್ಮ ದೊಡ್ಡವ್ವ ವರ್ಷವಿಡೀ ಕೂಡಿಟ್ಟ ಹಳೆಯ ಬಟ್ಟೆಯ ಗಂಟನ್ನು ಅಟ್ಟದಿಂದ ಇಳಿಸುತ್ತಿದ್ದಳು. ಸೆರಗು ಹರಿದ ಇಳಕಲ್ ಸೀರೆ, ಅಜ್ಜನ ಧೋತರ, ಬಣ್ಣ ಮಾತ್ರ ಉಳಿದ ಖಣದ ಕುಪ್ಪಸದ ತುಂಡು. ಬಂದವಳು ಗಂಟು ಬಿಚ್ಚುತ್ತಿರಲಿಲ್ಲ, ಅಂಗೈಯಲ್ಲಿ ಒಮ್ಮೆ ಅದುಮಿ ನೋಡುತ್ತಿದ್ದಳು. ಇಬ್ಬರು ಹೊದಿಯುವಷ್ಟು ಬೇಕು ಎಂದು ದೊಡ್ಡವ್ವ ಅಂದರೆ ಅವಳ ಉತ್ತರ: "ಗಂಟು ಒಬ್ಬರದ್ದೈತಿ, ಕೌದಿ ಇಬ್ಬರದ್ದು ಎಲ್ಲಿಂದ ತರ‍್ಲೆವ್ವಾ?" ದೊಡ್ಡವ್ವ ಗೊಣಗುತ್ತ ಒಳಗೆ ಹೋಗಿ ಇನ್ನೊಂದು ಧೋತರ ತರುವಳು. ಅದು ಹರಿದದ್ದೇ ಎಂದು ಅಜ್ಜನನ್ನು ಯಾರೂ ಕೇಳುತ್ತಿರಲಿಲ್ಲ. ಆ ಉತ್ತರವನ್ನೇ ಮೂರು ಪದಕ್ಕೆ ಇಳಿಸಿ, ಕಂತೆಗೆ ತಕ್ಕ ಬೊಂತೆ! ಕಂತೆಗೆ ಹೊರೆ ಎಂಬ ಅರ್ಥವೂ ಇದೆ ತಾನೆ? ತಂದ ಹೊರೆಯಷ್ಟು ಹೊದಿಕೆ. ಇದು ಹೊಲಿಯುವವಳು ಕೂಲಿ ಮಾತಾಡುವ ಮೊದಲು ಹೇಳಿದ ಷರತ್ತು. ಅದನ್ನು ಗಂಡಹೆಂಡಿರ ತಲೆಗೆ ಕಟ್ಟಿದ್ದು ಆಮೇಲಿನವರ ಕಿತಾಪತಿ. ಒಂದೇ ಪದವನ್ನು ಮೇಲೆ ಹೊದಿಕೆ ಎಂದೂ ಇಲ್ಲಿ ಹೊರೆ ಎಂದೂ ಅನುಕೂಲಕ್ಕೆ ತಕ್ಕಂತೆ ಮಡಚಿದೆ ಎಂದು ನೀವು ಹಿಡಿಯಬಹುದು. ಬಟ್ಟೆ ಮಡಚಿದಾಗ ಹೊರೆ, ಬಿಡಿಸಿ ಹೊಲಿದಾಗ ಹೊದಿಕೆ. ನನಗೇನೂ ತೊಂದರೆ ಕಾಣುತ್ತಿಲ್ಲ.

ಈಗ ಆ ಹಜಾರಕ್ಕೆ ವಾಪಸು. ಅವತ್ತಿನ ಪಾಠ, ಹೊಲಿಗೆ ಎಲ್ಲಿಂದ ಶುರು ಮಾಡಬೇಕು ಎಂಬುದು. ಕ್ವಿಲ್ಟಿಗೆ ನಡುವಿನಿಂದ ಹೊರಟು ಅಂಚಿಗೆ ಬರಬೇಕು, ಆಗ ಬಟ್ಟೆಯ ಸುಕ್ಕು ಹೊರಗೆ ಸರಿದು ಹೋಗುತ್ತದೆ. ಸರಿಯೇ. ಆದರೆ ನಮ್ಮ ಕೌದಿ ಉಲ್ಟಾ. ಅಂಚಿನಿಂದ ಶುರು, ಸುತ್ತು ಸುತ್ತು ಹಾಕುತ್ತ ನಡುವಿಗೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ತಮ್ಮ ಕವಂದ್ ಹೊಲಿಯುವುದೂ ಹೀಗೆಯೇ. ಅದರ ನಾಲ್ಕು ಮೂಲೆಗೆ ಬಟ್ಟೆ ಮಡಚಿ ಕೂರಿಸಿದ ಮುಕ್ಕೋನದ "ಫುಲಾ" ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಕವಂದ್ ಮುಗಿದಂತೆ ಅಲ್ಲ, ಬರಿಮೈಯಲ್ಲಿ ನಿಂತಂತೆ. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಶಾಂಬರ್ಗ್ ಕೇಂದ್ರದ ಗೋಡೆಗೆ ಆ ಕವಂದ್‌ಗಳು ಏರಿದವು. ಬೆಂಗಳೂರಿನ ಹಜಾರದಲ್ಲಿ ಅವುಗಳ ಹೆಸರು ಕೇಳಿದವರು ಇಬ್ಬರು, ಅದರಲ್ಲಿ ನಾನೊಬ್ಬಳು.

ಅಂಚಿನಿಂದ ನಡುವಿಗೆ ಎಂಬುದನ್ನು ಕಣ್ಣಮುಂದೆ ತಂದುಕೊಳ್ಳಿ. ನಾಲ್ವರು ಹೆಂಗಸರು ನಾಲ್ಕು ಅಂಚಿಗೆ ಕೂತಿದ್ದಾರೆ. ಬೆಳಿಗ್ಗೆ ಒಬ್ಬರಿಗೊಬ್ಬರು ಆರು ಮೊಳ ದೂರ, ಏನು ಹೇಳಿದರೂ ಕೂಗಿಯೇ ಹೇಳಬೇಕು. ಹಾಗಾಗಿ ಬೆಳಗಿನ ಮಾತೆಲ್ಲ ಮಳೆ, ಬೆಳೆ, ಜೋಳದ ದರ. ಒಂದೊಂದು ಸುತ್ತಿಗೂ ನಾಲ್ವರೂ ಒಂದೊಂದು ಬೆರಳು ಒಳಗೆ ಸರಿಯುತ್ತಾರೆ. ಸಂಜೆಯ ಹೊತ್ತಿಗೆ ನಾಲ್ಕು ತಲೆ ನಡುವಿನಲ್ಲಿ ಕೂಡುತ್ತವೆ, ದನಿ ತಾನಾಗಿ ತಗ್ಗುತ್ತದೆ. ಗೌಡರ ಸೊಸೆ ತವರಿಗೆ ಹೋದಳಂತೆ. ವಾಪಸು ಬರುವುದಿಲ್ಲವಂತೆ. ಕೌದಿಯ ಹೊಟ್ಟೆ ತುಂಬಲಿ ಎಂದು ದೊಡ್ಡವ್ವ ಕೊನೆಯ ಹೊಲಿಗೆಗೆ ಮೊದಲು ಒಂದು ಚೂರು ರೊಟ್ಟಿ ಒಳಗಿಡುತ್ತಿದ್ದಳು. ಅದರ ಜೊತೆ ಊರಿನ ಎಷ್ಟು ಅಂತೆಗಳು ಒಳಗೆ ಸೇರಿ ಹೊಲಿಸಿಕೊಂಡವೋ! ಅಂತೆಗಳನ್ನು ಕೂಡಿಸಿ ಹೊಲಿದ ಕಂತೆ, ಅಂತೆ ಕಂತೆ. ಕ್ವಿಲ್ಟಿನಲ್ಲಿ ಈ ಪದ ಹುಟ್ಟುವ ಸಂಭವವೇ ಇರಲಿಲ್ಲ. ನಡುವಿನಿಂದ ಹೊರಟವರು ಗಳಿಗೆ ಗಳಿಗೆಗೂ ದೂರವಾಗುತ್ತ ಹೋಗುತ್ತಾರೆ.

ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ನಮ್ಮ ಸೀಮೆಯವರು "ಬಂದನಂತ" ಎನ್ನುತ್ತಾರೆ, "ಬಂದನಂತೆ" ಎನ್ನುವುದಿಲ್ಲ. ಅಂದರೆ ಪದ ಹುಟ್ಟಿದ್ದು ನಮ್ಮ ದೊಡ್ಡವ್ವನ ಜಗಲಿಯಲ್ಲಲ್ಲ, ಆ ಮೈಸೂರಿನ ಹಿರಿಯರ ಕಡೆ. ಅವರ ಕಡೆಯೂ ಚಳಿ ಇತ್ತು, ಹಳೆ ಬಟ್ಟೆ ಇತ್ತು, ಸೊಸೆಯಂದಿರಂತೂ ಇದ್ದರು. ಇಷ್ಟು ಸಾಕು.

ಕಾಫಿ ಹೊತ್ತಿಗೆ ಇದನ್ನೆಲ್ಲ ಆ ಹಿರಿಯರ ಮುಂದೆ ಇಟ್ಟೆ. ಅವರು ಪೂರ್ತಿ ಕೇಳಿ, ಹಲ್ಲಿನಿಂದ ದಾರ ಕಡಿದು, "ಇರಬಹುದು ಬಿಡಿ" ಎಂದರು. ಸುತ್ತಲಿನ ಮೂವರು ಹುಡುಗಿಯರು ಸೂಜಿ ನಿಲ್ಲಿಸಿ ಕೇಳಿಸಿಕೊಂಡರು.

ಮೊನ್ನೆ ಹಾಲಿನ ಬೂತಿನ ಸಾಲಿನಲ್ಲಿ ಗುರುತಿನ ಹೆಂಗಸೊಬ್ಬರು ಸಿಕ್ಕರು. ಆ ಗುಂಪಿಗೂ ಅವರಿಗೂ ಸಂಬಂಧವಿಲ್ಲ. "ನಿಮಗೆ ಇದೆಲ್ಲ ಆಸಕ್ತಿ ಅಲ್ವಾ, ಅದಕ್ಕೆ ಹೇಳ್ತೀನಿ" ಎಂದು ಹತ್ತಿರ ಬಂದು ದನಿ ತಗ್ಗಿಸಿದರು. "ಅಂತೆ ಕಂತೆ ಅನ್ನೋ ಮಾತು ಬಂದಿದ್ದೇ ಕೌದಿಯಿಂದ ಅಂತೆ. ಧಾರವಾಡದ ಯಾರೋ ದೊಡ್ಡ ಪಂಡಿತರು ಕಂಡುಹಿಡಿದಿದ್ದಾರಂತೆ."

ಗದಗ, ಧಾರವಾಡವಲ್ಲ ಎಂದು ತಿದ್ದಬೇಕೆನಿಸಿತು. ತಿದ್ದಲಿಲ್ಲ, ಹಾಲು ತಗೊಂಡು ಬಂದೆ.