ಮಿದುಳಿನ ಶ್ರುತಿಯೂ ಮದ್ಯವ್ಯಸನವೂ

ಮದ್ಯವ್ಯಸನಕ್ಕೆ ಔಷಧವಿಲ್ಲದೆ, ನಾದದ ನೆರವಿನಿಂದ ಚಿಕಿತ್ಸೆಮಾಡಬಹುದೆಂದರೆ ನಮ್ಮಲ್ಲಿ ಕೆಲವರು ನಗುವರು. ಕೆಲವರು ವಿಚಾರಮಾಡದೆಯೇ ತಲೆದೂಗುವರು. ಎರಡಕ್ಕೂ ಮುನ್ನ ಈ ಪ್ರಯತ್ನವು ನಡೆದುಬಂದ ದಾರಿಯನ್ನು ನೋಡೋಣ.

ಜರ್ಮನಿಯ ಯೇನಾ ನಗರದ ವೈದ್ಯರಾದ ಹಾನ್ಸ್ ಬರ್ಗರರು 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್‌ಸ್ಪಂದನವನ್ನು ಗುರುತಿಸಿ, 1929ರಲ್ಲಿ ಪ್ರಕಟಿಸಿದರು. ಕಣ್ಣುಮುಚ್ಚಿ ನೆಮ್ಮದಿಯಿಂದಿರುವಾಗ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏಳುವ ಅಲೆಗೆ ಆಲ್ಫಾ ಎಂದು ಹೆಸರಾಯಿತು. ನಿದ್ದೆಯ ಹೊಸ್ತಿಲಲ್ಲಿ ತೋರುವ, ಇನ್ನೂ ನಿಧಾನವಾದ ಅಲೆಯೇ ಥೀಟಾ.

1958ರ ಸುಮಾರಿಗೆ ಶಿಕಾಗೋವಿನಲ್ಲಿ ಜೋ ಕಮಿಯಾ ಎಂಬ ಮನಶ್ಶಾಸ್ತ್ರಜ್ಞರು ಕತ್ತಲೆಯ ಕೋಣೆಯಲ್ಲಿ ಒಬ್ಬನನ್ನು ಕುಳ್ಳಿರಿಸಿ, ಆಗಾಗ್ಗೆ ಗಂಟೆ ಬಾರಿಸಿ, ಆ ಗಳಿಗೆಯಲ್ಲಿ ಆಲ್ಫಾ ಇದೆಯೋ ಇಲ್ಲವೋ ಎಂದು ಊಹಿಸಹೇಳಿದರು. ಮೊದಲನೆಯ ದಿನ ಊಹೆಗಳಲ್ಲಿ ಅರ್ಧದಷ್ಟು ತಪ್ಪು. ನಾಲ್ಕನೆಯ ದಿನಕ್ಕೆ ತಪ್ಪೇ ಅಪರೂಪ! ಮುಂದೆ ಗಂಟೆಯ ಬದಲು ಯಂತ್ರದ ನಾದವು ಬಂದಿತು. ಅಲೆ ಎದ್ದರೆ ನಾದ ಕೇಳುವುದು, ಅಡಗಿದರೆ ನಿಲ್ಲುವುದು. ತಂಬೂರಿಯ ಶ್ರುತಿ ಸೇರಿಸುವವನಿಗೆ ಕಿವಿಯೇ ಗುರುವಲ್ಲವೆ? ಇಲ್ಲಿ ತಂಬೂರಿಯೂ ತಾನೇ, ಕಿವಿಯೂ ತನ್ನದೇ.

ಈ ಉಪಾಯವನ್ನು ವ್ಯಸನಕ್ಕೆ ಹಚ್ಚಿ ಹೆಸರಾದವರು ಅಮೆರಿಕದ ಯೂಜಿನ್ ಪೆನಿಸ್ಟನ್ ಮತ್ತು ಪಾಲ್ ಕುಲ್ಕಾಸ್ಕಿ. ಕೊಲರಾಡೋ ಸಂಸ್ಥಾನದ ಫೋರ್ಟ್ ಲಯನ್ನಿನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ, ಬಹುಕಾಲ ಕುಡಿದು ಬಳಲಿದ್ದ ಹತ್ತು ಮಂದಿಗೆ ಮೊದಲು ಕೈಯ ಶಾಖವನ್ನು ಏರಿಸಿಕೊಳ್ಳುವ ಅಭ್ಯಾಸವನ್ನೂ, ಬಳಿಕ ನಾದದ ಸೂಚನೆಯಿಂದ ಆಲ್ಫಾ ಥೀಟಾಗಳನ್ನು ಹೆಚ್ಚಿಸಿಕೊಳ್ಳುವುದನ್ನೂ ಕಲಿಸಿದರು. ಮದ್ಯವನ್ನು ತಾವು ನಿರಾಕರಿಸುತ್ತಿರುವಂತೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದೂ ಅಭ್ಯಾಸದ ಭಾಗವಾಗಿದ್ದಿತು. ಹದಿಮೂರು ತಿಂಗಳ ಅನಂತರ ವಿಚಾರಿಸಲಾಗಿ, ಹತ್ತರಲ್ಲಿ ಎಂಟು ಮಂದಿ ಕುಡಿತದಿಂದ ದೂರವಿದ್ದರು. ರೂಢಿಯ ಚಿಕಿತ್ಸೆಯನ್ನಷ್ಟೇ ಪಡೆದ ಇನ್ನೊಂದು ಗುಂಪಿನಲ್ಲಿ ಅಂತಹವರು ಬಹಳ ಕಡಮೆ. 1989ರಲ್ಲಿ ಈ ವರದಿ ಅಚ್ಚಾದಾಗ ಎದ್ದ ಉತ್ಸಾಹವನ್ನು ಹೇಳತೀರದು.

ಆದರೆ ಹತ್ತು ಮಂದಿಯಿಂದ ಎಷ್ಟನ್ನು ಸಿದ್ಧಾಂತಮಾಡಬಹುದು? ಗುಣವಾದದ್ದು ನಾದದಿಂದಲೋ, ವಿಶ್ರಾಂತಿಯಿಂದಲೋ, ಮನಸ್ಸಿನ ಆ ಚಿತ್ರದಿಂದಲೋ, ಅಥವಾ ಯಾರೋ ಒಬ್ಬರು ದಿನದಿನವೂ ಬಳಿ ಕುಳಿತು ಗಮನಕೊಟ್ಟದ್ದರಿಂದಲೋ? ವಿಮರ್ಶಕರು ಇದನ್ನೇ ಕೇಳಿದರು. ಮುಂದಿನ ಪರೀಕ್ಷೆಗಳೆಲ್ಲವೂ ಒಂದೇ ಫಲವನ್ನು ಕೊಡಲಿಲ್ಲ. ನಾದವು ಇಲ್ಲಿ ಮದ್ದಲ್ಲ, ಕನ್ನಡಿ ಮಾತ್ರ ಎಂದೇ ನಮಗೆ ತೋರುತ್ತದೆ. ಹೀಗಿದ್ದರೂ ಆ ಎಂಟು ಮನೆಗಳವರಿಗೆ ಈ ತರ್ಕ ಎಷ್ಟು ಮುಖ್ಯವಾಗಿದ್ದೀತು!

ಆ ಆಸ್ಪತ್ರೆಯು 2001ರಲ್ಲಿ ಮುಚ್ಚಿಹೋಗಿ, ಕೆಲವು ವರ್ಷ ಸೆರೆಮನೆಯಾಗಿದ್ದಿತು. 2013ರಲ್ಲಿ ಅದೇ ಕಟ್ಟಡಗಳು, ಮನೆಮಠವಿಲ್ಲದ ವ್ಯಸನಪೀಡಿತರ ವಸತಿಯಾಗಿ ಮತ್ತೆ ಬಾಗಿಲು ತೆರೆದವು.