ಸುಕ್ಕಿನ ಚುಚ್ಚುಮದ್ದು

ಮುಖದ ನೆರಿಗೆಗಳನ್ನು ಕೆಲಕಾಲ ಮರೆಮಾಡಲು ಚರ್ಮವೈದ್ಯರು ಪ್ರಯೋಗಿಸುವ ಔಷಧ. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಬೊಟಾಕ್ಸ್ ಎಂಬ ವ್ಯಾಪಾರನಾಮದಿಂದಲೇ ಲೋಕಪ್ರಸಿದ್ಧವಾದ ಬೊಟುಲಿನಮ್ ಟಾಕ್ಸಿನ್, ಕೆಟ್ಟ ಆಹಾರದಲ್ಲಿ ಬೆಳೆದು ಪ್ರಾಣವನ್ನೇ ತೆಗೆಯಬಲ್ಲ ಸೂಕ್ಷ್ಮಾಣುವಿನ ವಿಷವಾಗಿದ್ದರೂ, ಅತ್ಯಲ್ಪ ಪ್ರಮಾಣದಲ್ಲಿ ನರದಿಂದ ಸ್ನಾಯುವಿಗೆ ಹೋಗುವ ಪ್ರೇರಣೆಯನ್ನು ತಡೆದು ಗಂಟಿಕ್ಕಿದ ಹುಬ್ಬನ್ನು ಸಡಿಲಿಸುವುದು. ಮೊಳಕಾಲ್ಮುರಿನ ಮಗ್ಗದೆದುರು ಕುಳಿತು, ಕಡಿದ ರೇಷ್ಮೆಯೆಳೆಯನ್ನು ಕಣ್ಣು ಕಿರಿದಾಗಿಸಿ ಹುಡುಕುವ ನೇಕಾರನ ಹುಬ್ಬುಗಳ ನಡುವೆ ವರ್ಷಾನುವರ್ಷ ಆಳವಾಗುವ ಎರಡು ನೆಟ್ಟನೆಯ ಗೆರೆಗಳೇ ಇದರ ಕಾರ್ಯಕ್ಷೇತ್ರ. ಚಳ್ಳಕೆರೆಯ ಬಯಲಿನಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ದಿನವಿಡೀ ಕುರಿ ಕಾಯುವವನ ಕೆನ್ನೆಯ ಸುಕ್ಕಾದರೋ ಬೇರೆ ಜಾತಿಯದು. ಅದು ಬಿಸಿಲು ಚರ್ಮದ ಕೊಲಾಜೆನ್ನನ್ನು ಶಿಥಿಲಗೊಳಿಸಿದುದರ ಫಲವಾದ್ದರಿಂದ, ಈ ವಿಷಕ್ಕೆ ಅಷ್ಟಾಗಿ ಮಣಿಯದು.

ಕೆನಡಾದ ವೈದ್ಯದಂಪತಿಗಳಾದ ಕ್ಯಾರುದರ್ಸ್ ಅವರು ಬೊಟುಲಿನಮ್ಮಿನ ಈ ಉಪಯೋಗವನ್ನು 1992ರಲ್ಲಿ ಪ್ರಕಟಿಸಿದರು; ಅಮೆರಿಕವು 2002ರಲ್ಲಿ ಹುಬ್ಬುಗಂಟಿನ ಗೆರೆಗಳಿಗೆ ಅನುಮತಿಯಿತ್ತಿತು. ಗುಣ ಕೆಲವೇ ದಿನಗಳಲ್ಲಿ ತೋರಿ, ಮೂರು ನಾಲ್ಕು ತಿಂಗಳಲ್ಲಿ ಕರಗುವುದು. ರೆಪ್ಪೆ ಜೋತುಬೀಳುವುದೂ ಉಂಟು, ತಾತ್ಕಾಲಿಕವಾಗಿ.

ಎರಡನೆಯದು ಫಿಲ್ಲರ್, ಬಹುಮಟ್ಟಿಗೆ ಹಯಲುರೋನಿಕ್ ಆಮ್ಲದ ಜೆಲ್. ಇದು ಸ್ನಾಯುವಿನ ತಂಟೆಗೆ ಹೋಗದೆ ಹಳ್ಳವನ್ನು ತುಂಬುತ್ತದೆ. ತಪ್ಪಿ ರಕ್ತನಾಳವನ್ನು ಹೊಕ್ಕರೆ ಚರ್ಮ ಕೊಳೆಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು. ಆದುದರಿಂದ ಬ್ಯೂಟಿ ಪಾರ್ಲರಿನ ಕುರ್ಚಿ ಇದಕ್ಕೆ ತಕ್ಕ ಸ್ಥಳವಲ್ಲ.

ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ಸ್ನಾಯುದೌರ್ಬಲ್ಯದ ರೋಗಿಗಳೂ ಬೊಟುಲಿನಮ್ಮನ್ನು ವರ್ಜಿಸತಕ್ಕದ್ದು. ಉಳಿದವರು ಚರ್ಮವೈದ್ಯರಲ್ಲಿಗೇ ಹೋಗಿ, ಸೀಸೆಯನ್ನು ತಮ್ಮ ಕಣ್ಣೆದುರೇ ತೆರೆಯಿಸಿ, ಅದರ ಹೆಸರನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಬರೆದಿಟ್ಟುಕೊಳ್ಳಬೇಕು.